ಹುಳಿಬಾನಿಯ ಮಂಕಾಳಿ

ಮೊಗಳಿಕೋಡಿಯ ಕಡಲತೀರ ಬಡಗಲಿಗೆ ಮುಗಿಯುವಲ್ಲಿ ಕರಿಬಂಡೆಯ ಒಂದು ಮೂಗು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಭರತದ ನೀರು ಮುಟ್ಟದಷ್ಟು ಎತ್ತರದಲ್ಲಿ, ಬಂಡೆಯ ನೆತ್ತಿಯಲ್ಲಿ, ಎಮ್ಮೆಗೆ ಕಲಗಚ್ಚು ಹೊಯ್ಯುವ ಬಾನಿಯಷ್ಟು ಅಗಲದ ಒಂದು ಗುಂಡಿಯಿದೆ. ಆಳ ಮೊಣಕಾಲುದ್ದ. ಬಂಡೆಯ ಉಳಿದ ಮೈಯೆಲ್ಲ ಮಳೆಗಾಳಿ ಉಜ್ಜಿ ನುಣ್ಣಗಾಗಿದ್ದರೆ, ಈ ಗುಂಡಿಯ ಒಳಮೈ ಮಾತ್ರ ಏನೋ ಕಚ್ಚಿ ತಿಂದ ಹಾಗೆ ತರಿತರಿಯಾಗಿದೆ. ಇದರ ಹೆಸರು ಹುಳಿಬಾನಿ. ನೋಡಲು ಬಂದವರು ಅದರಲ್ಲಿ ನಿಂತ ಮಳೆನೀರಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿ, ‘ಹುಳಿಯೇ ಇಲ್ಲವಲ್ಲ!’ ಎನ್ನುತ್ತಾರೆ. ಹುಳಿಯಾಗಿರಲು ಅದೇನು ಅವರ ಮನೆಯ ಸಾರೇ? ಕಾಲೇಜಿನ ಮಾಸ್ತರರು ಹುಡುಗರನ್ನು ಸಾಲಾಗಿ ಕರೆತಂದು, ಕೆಳಗಿನ ದಂಡೆಯಲ್ಲಿ ಬಿದ್ದ ಗುಂಡುಕಲ್ಲುಗಳನ್ನು ತೋರಿಸಿ, ಇವುಗಳೊಳಗೆ ಲಕ್ಷಾಂತರ ವರ್ಷದ ಪಳೆಯುಳಿಕೆಗಳಿವೆ ಎಂದು ವಿವರಿಸುತ್ತಾರೆ. ಅವರು ಹೇಳುವುದು ನಿಜವೇ ಇದ್ದೀತು. ಆದರೆ ಬಾನಿಯ ಅಂಚಿನಲ್ಲಿ ಕೂತು ಬೋಂಡ ತಿಂದು ಕಾಗದವನ್ನು ಅದರೊಳಕ್ಕೇ ಎಸೆದು ಹೋಗುವ ಆ ಪಂಡಿತರಿಗೆ, ಅಲ್ಲಿ ಏನು ಕರಗಿಹೋಯಿತೆಂದು ಯಾರೂ ಹೇಳಿದಂತಿಲ್ಲ.

ಹಿಂದೆ ಒಮ್ಮೆ, ಹಾಯಿದೋಣಿಯ ಕಾಲದಲ್ಲಿ, ಮೊಗಳಿಕೋಡಿಯಲ್ಲಿ ಎಲ್ಲೂ ಇಲ್ಲದ ಒಂದು ಕಟ್ಟಳೆಯಿತ್ತು ಎನ್ನುತ್ತಾರೆ. ಮೀನಿಗೆ ಹೋದವನು ಮರಳಿ ಬರದಿದ್ದರೆ, ಹೆಣವೂ ದಡಕ್ಕೆ ಬೀಳದಿದ್ದರೆ, ಅವನನ್ನು ಸತ್ತವನೆಂದು ಊರು ಒಪ್ಪುತ್ತಿರಲಿಲ್ಲ. ಕಡಲು ತಾನು ನುಂಗಿದ್ದಕ್ಕೆ ಗುರುತು ಕೊಡಲೇಬೇಕು ಎಂಬುದು ಅವರ ನಂಬಿಕೆ. ಮಳೆಗಾಲದ ಅಬ್ಬರಕ್ಕೆ ದಂಡೆಯ ಮಣ್ಣು ಕುಸಿದು ಕಪ್ಪು ಗುಂಡುಕಲ್ಲುಗಳು ಹೊರಬೀಳುತ್ತಿದ್ದವು. ನೂಲಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟಾದ ಮೇಲೆ, ಕಾಣೆಯಾದವನ ಹೆಂಡತಿ ಅವುಗಳಲ್ಲಿ ಒಂದನ್ನು, ಒಂದೇ ಒಂದನ್ನು, ಆರಿಸಿ ತರಬೇಕು. ಅದನ್ನು ಊರೆದುರು ಒಡೆಯಬೇಕು. ಒಳಗೆ ಕಲ್ಲಾಗಿಹೋದ ಏಡಿ ಇದ್ದರೆ ಗಂಡ ಸತ್ತ. ಆ ಕಲ್ಲೇಡಿಯೇ ಹೆಣ, ಅದಕ್ಕೇ ಸಂಸ್ಕಾರ. ಹೆಂಡತಿಯ ಬಳೆ ಒಡೆಯುತ್ತಿದ್ದರು, ಅವಳು ಅತ್ತು ಹಗುರಾಗುತ್ತಿದ್ದಳು, ವರ್ಷ ಕಳೆದ ಮೇಲೆ ಬೇಕೆಂದರೆ ಸೀರುಡಿಕೆಯಾಗಿ ಮತ್ತೊಬ್ಬನ ಮನೆ ಸೇರುತ್ತಿದ್ದಳು. ಕಲ್ಲು ಖಾಲಿಯಾಗಿದ್ದರೆ ಗಂಡ ಎಲ್ಲೋ ಬದುಕಿದ್ದಾನೆ. ಅವಳು ಬಳೆ ತೊಟ್ಟುಕೊಂಡೇ ಮುಂದಿನ ನೂಲಹುಣ್ಣಿಮೆಯವರೆಗೆ ಕಾಯಬೇಕು. ಹುಚ್ಚು ಕಟ್ಟಳೆ ಎಂದು ಈಗ ನಗುವುದು ಸುಲಭ. ಹೆಣವಿಲ್ಲದ ಮನೆಯಲ್ಲಿ ಅಳುವುದು ಯಾವಾಗ ಶುರುಮಾಡಬೇಕು ಎಂಬುದನ್ನು ನಗುವವರೇ ಹೇಳಲಿ, ನೋಡೋಣ.

ಕಲ್ಲು ಬಿಡಿಸುವುದು ಎಲ್ಲರಿಗೂ ಬರುವ ಕೆಲಸವಲ್ಲ. ಸುಮ್ಮನೆ ಸುತ್ತಿಗೆಯಿಂದ ಬಡಿದರೆ ಕಲ್ಲೂ ಪುಡಿ, ಏಡಿಯೂ ಪುಡಿ. ಆ ಕೆಲಸ ಬಲ್ಲವಳು ಊರಲ್ಲಿ ಒಬ್ಬಳೇ ಇದ್ದಳು, ಮಂಕಾಳಿ. ಅವಳಿಗೆ ಅವಳ ತಾಯಿಯಿಂದ, ತಾಯಿಗೆ ಅಜ್ಜಿಯಿಂದ ಬಂದ ವಿದ್ಯೆ. ಕಲ್ಲನ್ನು ಬಂಡೆಯ ಬಾನಿಯಲ್ಲಿಟ್ಟು, ಏಳು ದಿನ ಹಳಸಿದ ಹುಳಿಗಳ್ಳಿಗೆ ಬಿಂಬುಳಿಯ ರಸ ಹಿಂಡಿ ಮುಳುಗುವಷ್ಟು ಹೊಯ್ಯುತ್ತಿದ್ದಳು. ಮೂರು ಹಗಲು ನೆನೆದರೆ ಕಲ್ಲಿನ ಕೂಡುಗೆರೆ ಸಡಿಲವಾಗುತ್ತದೆ. ನಾಲ್ಕನೆಯ ದಿನ ಊರೆಲ್ಲ ನೆರೆದಿರುವಾಗ ಮರದ ಕೊಡತಿಯಿಂದ ಗೆರೆಗುಂಟ ತಟ್ಟಿ ತಟ್ಟಿ ಎರಡು ಹೋಳು ಮಾಡುತ್ತಿದ್ದಳು. ಏಡಿ ಕಂಡರೆ, ತೊರಕೆ ಮೀನಿನ ಬಾಲದ ಮುಳ್ಳನ್ನು ಸೂಜಿಯಂತೆ ಹಿಡಿದು ಅದರ ಕಾಲುಗಳ ಸಂದಿಯ ಮಣ್ಣನ್ನು ಕಣಕಣವಾಗಿ ಕೆದಕಿ, ಸಿಹಿನೀರಲ್ಲಿ ತೊಳೆದು, ಹೊನ್ನೆಎಣ್ಣೆ ಸವರುತ್ತಿದ್ದಳು. ಮುಗಿದ ಮೇಲೆ ಅದು ಈಗಷ್ಟೇ ಬಿಲದಿಂದ ಎದ್ದು ಬಂದಂತೆ ಕಾಲು ಮಡಚಿ ಕೂತಿರುತ್ತಿತ್ತು. ಹೆಂಗಸರು ಅದನ್ನು ಕೂಸಿನಂತೆ ಸೆರಗಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಹುಳಿ ಹೆಚ್ಚು ದಿನ ಕುಡಿದರೆ ಕಲ್ಲಿಗಿಂತ ಮೊದಲು ಏಡಿಯೇ ಕರಗುತ್ತದೆ ಎಂಬುದು ಮಂಕಾಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿದರೇ ಒಳಗೆ ಜೀವದ ಗುರುತಿದೆಯೋ ಇಲ್ಲವೋ ಎಂದೂ ಅವಳಿಗೆ ತಿಳಿಯುತ್ತಿತ್ತು. ಏಡಿಯಿದ್ದ ಕಲ್ಲು ಭಾರ, ಇಲ್ಲದ್ದು ಹಗುರ. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಒಬ್ಬನೇ ಮಗ, ಜಟ್ಟು. ಗಂಡ ಬೇಗ ಹೋದ ಮೇಲೆ ಅವನನ್ನು ಹೊಟ್ಟೆಬಟ್ಟೆ ಕಟ್ಟಿ ಸಾಕಿದ್ದಳು. ಸೊಸೆ ತುಳಸು ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಹತ್ತೊಂಬತ್ತರ ಹುಡುಗಿ, ನಕ್ಕರೆ ಓಣಿಯ ಆ ತುದಿಗೂ ಕೇಳಬೇಕು. ಬೇಸಿಗೆಯ ಕೊನೆಗೆ, ಮೊದಲ ಮಳೆ ಇನ್ನೂ ಹತ್ತು ದಿನ ದೂರವಿದೆ ಎಂದುಕೊಂಡು, ಜಟ್ಟು ಮತ್ತು ಇನ್ನೂ ಮೂವರು ದೋಣಿ ಇಳಿಸಿದರು. ಮಧ್ಯಾಹ್ನ ಪಡುವಲು ಕಪ್ಪಿಟ್ಟಿತು. ಮೂರು ದಿನ ಬಿಟ್ಟು ಮೂವರ ಹೆಣ ಮುಂದಿನ ಊರಿನ ಅಳಿವೆಯಲ್ಲಿ ಸಿಕ್ಕಿತು. ಜಟ್ಟುವಿನದು ಸಿಗಲಿಲ್ಲ. ಮಂಕಾಳಿ ಅಳಲಿಲ್ಲ, ಅಳುವ ಹೆಂಗಸರನ್ನು, ‘ನನ್ನ ಮನೆ ಬಾಗಿಲಲ್ಲಿ ಎಂತಕ್ಕೆ ಊಳಿಡ್ತೀರಿ, ನನ್ನ ಮಗ ಈಜು ಬಲ್ಲವ’ ಎಂದು ಗದರಿ ಓಡಿಸಿದಳು.

ನೂಲಹುಣ್ಣಿಮೆ ಬಂತು. ತುಳಸು ದಂಡೆಯುದ್ದಕ್ಕೂ ನಡೆದು, ಕೈಗೆ ಬಂದ ಕಲ್ಲೊಂದನ್ನು ತಂದು ಅತ್ತೆಯ ಮಡಿಲಲ್ಲಿಟ್ಟಳು. ಮಂಕಾಳಿ ಅದನ್ನು ಅಂಗೈಗೆ ಎತ್ತಿಕೊಂಡಳು. ಕಲ್ಲು ಭಾರವಾಗಿತ್ತು. ಬೇರೆಯವರ ಮನೆಯ ಎಷ್ಟೋ ಭಾರದ ಕಲ್ಲುಗಳನ್ನು ಎತ್ತಿದ ಕೈ ಅದು. ‘ಪಾಪ’ ಎಂದು ಮನಸ್ಸಿನಲ್ಲಿ ಅಂದುಕೊಂಡು ಮೂರನೆಯ ದಿನಕ್ಕೆ ಸರಿಯಾಗಿ ಹೊರತೆಗೆದ ಕೈ. ಈ ಕಲ್ಲನ್ನು ಬಾನಿಗಿಟ್ಟು ಹುಳಿ ಹೊಯ್ದಳು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಜನ ನೆರೆದಾಗ, ‘ಇನ್ನೂ ಮೆದುವಾಗಲಿಲ್ಲ, ಹೋಗಿ’ ಎಂದಳು. ಕಲ್ಲನ್ನು ಹೊರತೆಗೆಯಲು ಬಗ್ಗಿದಾಗಲೆಲ್ಲ ಒಳಗಿರುವುದು ಏಡಿಯಲ್ಲ, ಕಾಲು ಮಡಚಿ ಮಲಗುತ್ತಿದ್ದ ಮಗನೇ ಎಂದು ಅವಳಿಗೆ ಅನಿಸುತ್ತಿತ್ತು. ಮೊದಲ ಸಲ ಅವಳು ಬೇಕೆಂದು ಮಾಡಲಿಲ್ಲ ಎನ್ನುತ್ತಾರೆ, ಹೊರತೆಗೆಯಲು ಆಗಲಿಲ್ಲ ಅಷ್ಟೇ. ದಿನಕ್ಕೊಂದು ಸಲ ಹಳೆಯ ಹುಳಿ ಚೆಲ್ಲಿ ಹೊಸ ಹುಳಿ ಹೊಯ್ಯುತ್ತ ಹೋದಳು. ಹತ್ತನೆಯ ದಿನ ಊರೆದುರು ಕಲ್ಲು ಬಿರಿದಾಗ ಒಳಗೆ ಒಂದು ಹಿಡಿ ಬೂದುಬಣ್ಣದ ರಾಡಿ, ಅದರ ಹಿಂದೆ ಒಂದು ಪೊಳ್ಳು. ಪೊಳ್ಳಿನ ಅಂಚಿಗೆ ಏಡಿಗಾಲಿನ ಅಚ್ಚಿನಂತೆ ಎಂಟು ಸಣ್ಣ ಗೀರುಗಳಿದ್ದವು. ಮಂಕಾಳಿ ಹೆಬ್ಬೆರಳಿಂದ ಅವನ್ನು ಉಜ್ಜಿ ಅಳಿಸಿ, ‘ಖಾಲಿ’ ಎಂದಳು. ತುಳಸು ಕಿರುಚಿಕೊಂಡು ಅತ್ತೆಯನ್ನು ತಬ್ಬಿದಳು. ಆ ಸಂಜೆ ಅತ್ತೆ ಸೊಸೆ ಸೇರಿ ಪಾಯಸ ಮಾಡಿ ಕೇರಿಗೆಲ್ಲ ಹಂಚಿದರು. ಮಗ ಸತ್ತದ್ದಕ್ಕೆ ಪಾಯಸ! ಮಂಕಾಳಿಯೂ ಒಂದು ಬಟ್ಟಲು ಉಂಡಳು. ಸಿಹಿಯಾಗಿಯೇ ಇತ್ತಂತೆ.

ಎರಡನೆಯ ವರ್ಷದ ಕಲ್ಲೂ ಭಾರವಾಗಿತ್ತು. ಈ ಸಲ ಮಂಕಾಳಿ ಬೇಕೆಂದೇ ಮಾಡಿದಳು. ತುಳಸು ‘ಖಾಲಿ’ ಎಂಬ ಮಾತು ಕೇಳಿ ತಲೆಯಾಡಿಸಿದಳು, ಕಿರುಚಲಿಲ್ಲ. ಆ ಹೊತ್ತಿಗೆ ಉಪ್ಪಿನ ಆಗರದಲ್ಲಿ ಕೆಲಸ ಮಾಡುವ ಕೆಂಚ ಎಂಬವನು ಮೀನಿಗೆ ಉಪ್ಪು ತರುವ ನೆಪದಲ್ಲಿ ಮನೆಗೆ ಬಂದುಹೋಗುತ್ತಿದ್ದ. ಹೆಂಡತಿ ಸತ್ತ, ಮಾತು ಕಡಿಮೆಯ, ಒಳ್ಳೆಯ ಮನುಷ್ಯ. ಕಟ್ಟಳೆ ಮೀರಿ ಒಂದು ಹೆಜ್ಜೆ ಮುಂದೆ ಇಟ್ಟವನಲ್ಲ. ಅಂಗಳದಲ್ಲೇ ಚೀಲ ಇಳಿಸಿ, ನೀರು ಕೇಳಿ ಕುಡಿದು ಹೋಗುವನು. ಮೂರನೆಯ ನೂಲಹುಣ್ಣಿಮೆಗೆ ಮುಂಚೆ ಅವನು ಮಂಕಾಳಿಗೇ ನೇರವಾಗಿ ಹೇಳಿದ: ‘ಅಮ್ಮ, ಈ ವರ್ಷ ಕಲ್ಲು ಏನು ಹೇಳ್ತದೋ ನೋಡ್ತೆ. ಹೌದು ಅಂದ್ರೆ ಅವಳನ್ನೂ ನಿಮ್ಮನ್ನೂ ನಾನು ನೋಡ್ಕಳ್ತೆ. ಇಲ್ಲ ಅಂದ್ರೆ ನನ್ನ ಮನೆಯಲ್ಲೂ ಎರಡು ಸಣ್ಣ ಮಕ್ಕಳಿವೆ, ನಾನು ಎಷ್ಟು ವರ್ಷ ಕಾಯ್ಲಿ?’ ಮಂಕಾಳಿ, ‘ಕಡಲಮ್ಮನ ಇಚ್ಛೆ’ ಎಂದಳು. ಆ ಸಲ ತುಳಸು ಕಲ್ಲು ಆರಿಸಲು ಬೆಳಗಿನಿಂದ ಸಂಜೆಯವರೆಗೆ ತೆಗೆದುಕೊಂಡಳು. ತಂದದ್ದು ಮೂರು ವರ್ಷದ ಕಲ್ಲುಗಳಲ್ಲಿ ಅತಿ ಭಾರದ್ದು. ಬಾನಿಯಲ್ಲಿ ಅದು ಹನ್ನೊಂದು ದಿನ ನೆನೆಯಿತು. ‘ಖಾಲಿ’ ಎಂದಾಗ ತುಳಸು ಅತ್ತೆಯ ಮುಖವನ್ನು ನೋಡಲಿಲ್ಲ, ಕೆಂಚ ನಿಂತಿದ್ದ ಕಡೆಗೆ ನೋಡಿದಳು. ಅವನು ಆಗಲೇ ಬೆನ್ನು ತಿರುಗಿಸಿ ದಂಡೆ ಹತ್ತುತ್ತಿದ್ದ. ದೀಪಾವಳಿ ಕಳೆದು ಅವನು ಬೇರೆ ಊರಿನ ಹೆಂಗಸನ್ನು ಮನೆಗೆ ತಂದ ಸುದ್ದಿ ಬಂತು. ಉಪ್ಪು ಬೇರೆಯವರು ತರತೊಡಗಿದರು.

ಅದಾಗಿ ಒಂದು ದಿನ ನಡುಮಧ್ಯಾಹ್ನ, ಹೊಯಿಗೆಯ ಮೇಲೆ ಒಣಗಲು ಹರವಿದ ಮೀನನ್ನು ಮಗುಚಿ ಹಾಕುತ್ತಿದ್ದ ಮಂಕಾಳಿಗೆ, ತುಳಸು ಸೊಂಟದವರೆಗೆ ನೀರಿಗಿಳಿದು ನಿಂತದ್ದು ಕಾಣಿಸಿತು. ಮೀನನ್ನು ಅಲ್ಲೇ ಬಿಟ್ಟು ಓಡಿದಳು. ಹತ್ತಿರ ಹೋದಾಗ ಸೊಸೆ ಸಾಯಲು ಇಳಿದವಳಲ್ಲ, ಮಾತಾಡುತ್ತಿದ್ದಾಳೆ ಎಂದು ತಿಳಿಯಿತು. ‘ಸತ್ತಿದ್ರೆ ಸತ್ತೆ ಅಂತ ಹೇಳಿ. ನಾನು ನಿಮ್ಮನ್ನು ಬೈಯ್ಯೂದಿಲ್ಲ. ಬದುಕಿದ್ರೆ ಬನ್ನಿ. ಎರಡೂ ಇಲ್ದೆ ಹೀಂಗೆ ಕೊಲ್ಬೇಡಿ. ನಂಗೆ ನಿಮ್ಮ ಮುಖ ಮರ್ತು ಹೋಗ್ತಾ ಉಂಟು.’ ಅಷ್ಟೇ ಮಾತನ್ನು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು. ಮಂಕಾಳಿ ಹಿಂದೆ ನಿಂತು ಕೇಳಿದಳು, ಕೇಳಿ ಸದ್ದಿಲ್ಲದೆ ವಾಪಸು ಬಂದಳು. ಕರುಳು ಎಂಬುದು ಅವಳಿಗೂ ಇತ್ತಲ್ಲ. ಮಗನ ಮೇಲಿನದು ಒಂದು ಕಡೆ ಜಗ್ಗಿದರೆ, ಈ ಹುಡುಗಿಯದು ಇನ್ನೊಂದು ಕಡೆ ಜಗ್ಗಿತು. ಬರುವ ನೂಲಹುಣ್ಣಿಮೆಗೆ ಮೂರೇ ದಿನ ನೆನೆಸಿ ಕಲ್ಲು ತೆಗೆಯುತ್ತೇನೆ, ಅವಳ ಬಳೆ ಒಡೆದು ಅವಳನ್ನು ಬಿಟ್ಟುಬಿಡುತ್ತೇನೆ ಎಂದು ಆ ದಿನವೇ ನಿಶ್ಚಯಿಸಿದಳು. ಆಮೇಲೆ ಮೊದಲ ಸಲ ಮಗನಿಗಾಗಿ ಅತ್ತಳು, ಒಲೆಯ ಹೊಗೆಯನ್ನು ನೆಪ ಮಾಡಿಕೊಂಡು.

ನಾಲ್ಕನೆಯ ವರ್ಷ ತುಳಸು ತಂದ ಕಲ್ಲು ಮಡಿಲಿಗೆ ಬಿದ್ದಾಗ ಮಂಕಾಳಿ ಅದನ್ನು ಎರಡು ಸಲ ಎತ್ತಿ ತೂಗಿದಳು. ಕಲ್ಲು ಹಗುರವಾಗಿತ್ತು. ತನ್ನ ಕೈಯೇ ಮುದಿಯಾಗಿ ತಪ್ಪು ಹೇಳುತ್ತಿದೆ ಎಂದುಕೊಂಡು, ಮೂರು ದಿನ, ಒಂದು ಗಳಿಗೆ ಹೆಚ್ಚಲ್ಲ ಕಡಿಮೆಯಲ್ಲ, ನೆನೆಸಿ ತೆಗೆದು ಒಡೆದಳು. ಒಳಗೆ ಅಂಚಿನಿಂದ ಅಂಚಿನವರೆಗೆ ಗಟ್ಟಿ ಮಣ್ಣು. ಪೊಳ್ಳೂ ಇಲ್ಲ, ಗೀರೂ ಇಲ್ಲ. ಅವಳು ಕೊಡತಿ ಕೆಳಗಿಡದೆ ಆ ಎರಡು ಹೋಳನ್ನೂ ನಾಲ್ಕು ಮಾಡಿದಳು, ನಾಲ್ಕನ್ನು ಎಂಟು ಮಾಡಿದಳು. ಜನ ಬೆಚ್ಚಿ ನೋಡುತ್ತಿದ್ದರು. ಐದನೆಯ ವರ್ಷವೂ ಹಾಗೆಯೇ. ಆರನೆಯ ಮಳೆಗಾಲದಲ್ಲಿ ಅವಳು ಕಟ್ಟಳೆಯನ್ನೂ ಬಿಟ್ಟಳು, ನಾಚಿಕೆಯನ್ನೂ ಬಿಟ್ಟಳು. ಕುಸಿಯುವ ದಂಡೆಯ ಕೆಳಗೆ, ಮಳೆಯಲ್ಲಿ, ಗೊರಬು ಹೊದ್ದು ಬಗ್ಗಿ ಬಗ್ಗಿ ಒಂದೊಂದೇ ಕಲ್ಲನ್ನು ಎತ್ತಿ ತೂಗಿ ನೋಡಿದಳು. ಭಾರದ್ದೊಂದು ಸಿಕ್ಕಿದರೆ ಸಾಕು, ಅದನ್ನು ಸೊಸೆಯ ದಾರಿಯಲ್ಲಿ ಇಟ್ಟುಬಿಡುತ್ತೇನೆ ಎಂದಿತ್ತು ಅವಳ ಆಸೆ. ನೂರಾರು ಎತ್ತಿದಳು. ಉಗುರು ಕಿತ್ತುಹೋಯಿತು. ಎಲ್ಲವೂ ಹಗುರ. ಮೂರು ಸಲ ಕೊಟ್ಟ ಕಡಲು, ಕೊಟ್ಟದ್ದನ್ನು ಕರಗಿಸಿ ಚೆಲ್ಲಿದವಳಿಗೆ ನಾಲ್ಕನೆಯದನ್ನು ಕೊಡಲಿಲ್ಲ.

ಆರನೆಯ ನೂಲಹುಣ್ಣಿಮೆಯ ಕಲ್ಲೂ ಮಣ್ಣಾದಾಗ, ಮಂಕಾಳಿ ಬಾನಿಯ ಪಕ್ಕದಲ್ಲೇ ಕುಸಿದು ಕೂತು ಊರೆದುರು ಎಲ್ಲವನ್ನೂ ಹೇಳಿದಳು. ಮೂರು ವರ್ಷ ಮೂರು ಏಡಿ ಇದ್ದವು, ಮೂರನ್ನೂ ನಾನು ಹುಳಿಗೆ ತಿನ್ನಿಸಿದೆ, ಜಟ್ಟು ಸತ್ತು ಆರು ಮಳೆಗಾಲವಾಯಿತು, ನನ್ನನ್ನು ಏನು ಬೇಕಾದರೂ ಮಾಡಿ, ಈ ಹುಡುಗಿಯ ಬಳೆ ಒಡೆಯಿರಿ ಎಂದು ಬೇಡಿಕೊಂಡಳು. ಊರಿನ ಹಿರಿಯ, ಕೇರಿಯ ನ್ಯಾಯ ತೀರಿಸುವ ಬುಧವಂತ ಹೊಸಬಯ್ಯ ಕೇಳಿದ: ‘ಆ ಹೋಳು ಎಲ್ಲಿವೆ?’ ‘ಆಗಲೇ ಕಡಲಿಗೆ ಎಸೆದೆ.’ ‘ಹಾಗಾದ್ರೆ ಸಾಕ್ಷಿ ಯಾರು?’ ಮಂಕಾಳಿ ತನ್ನ ಎದೆ ಮುಟ್ಟಿಕೊಂಡಳು. ಹೊಸಬಯ್ಯ ಒಪ್ಪಲಿಲ್ಲ. ‘ಖಾಲಿ ಅಂದದ್ದೂ ಇದೇ ಬಾಯಿ, ಇತ್ತು ಅನ್ನೂದೂ ಇದೇ ಬಾಯಿ. ಈಗ ಸೊಸೆಯ ಮೇಲಿನ ಮರುಕಕ್ಕೆ ಸುಳ್ಳು ಹೇಳ್ತಾ ಇಲ್ಲ ಅಂತ ನಾನು ಹೇಂಗೆ ನಂಬ್ಲಿ? ನಾಳೆ ಜಟ್ಟು ಬಂದು ಅಂಗಳದಲ್ಲಿ ನಿಂತರೆ ಯಾರು ಉತ್ತರ ಕೊಡೂದು?’

ಅಷ್ಟಕ್ಕೇ ಮುಗಿದಿದ್ದರೆ ಅದು ಒಂದು ಮನೆಯ ಗೋಳಾಗಿ ಉಳಿಯುತ್ತಿತ್ತು. ಗುಂಪಿನ ಹಿಂದೆ ನಿಂತಿದ್ದ ಬೀರಮ್ಮ ಮುಂದೆ ಬಂದಳು. ಎಂಟು ವರ್ಷದ ಹಿಂದೆ ಅವಳ ಗಂಡನ ಕಲ್ಲಲ್ಲಿ ಏಡಿ ಸಿಕ್ಕಿತ್ತು. ಸಂಸ್ಕಾರ ಮಾಡಿ, ಸೀರುಡಿಕೆಯಾಗಿ, ಈಗ ಅವಳಿಗೆ ಎರಡನೆಯವನಿಂದ ಇಬ್ಬರು ಮಕ್ಕಳಿದ್ದರು. ‘ಇದ್ದದ್ದನ್ನು ಇಲ್ಲ ಮಾಡೂಕೆ ಬಲ್ಲ ಕೈ, ಇಲ್ಲದ್ದನ್ನು ಕೆತ್ತೂಕೂ ಬಲ್ಲದು ಅಲ್ದಾ?’ ಎಂದು ಅವಳು ಕೇಳಿದಳು. ‘ನನ್ನ ಏಡಿ ನಿಜವಾ ಮಂಕಾಳಿ? ನಾನು ಇನ್ನೊಬ್ಬನ ಸಂಗಡ ಏಳು ವರ್ಷ ಬಾಳಿದ್ದು ಗಂಡ ಸತ್ತ ಮೇಲೋ, ಬದುಕಿರುವಾಗ್ಲೋ?’ ಮಂಕಾಳಿ ಆಣೆ ಹಾಕಿದಳು, ನೆಲಕ್ಕೆ ಹಣೆ ಚಚ್ಚಿಕೊಂಡಳು. ಆದರೆ ಒಬ್ಬಳ ಹಿಂದೆ ಇನ್ನೊಬ್ಬಳು ಅದೇ ಪ್ರಶ್ನೆ ಹಿಡಿದು ಬಂದಳು. ಅತ್ತು ಮುಗಿಸಿದವರಿಗೆ ಅತ್ತದ್ದು ಸರಿಯೇ ಎಂಬ ಅನುಮಾನ, ಕಾದು ಕೂತವರಿಗೆ ಕಾದದ್ದು ಮೋಸವೇ ಎಂಬ ಅನುಮಾನ. ಎಷ್ಟೋ ವರ್ಷದಿಂದ ತಣ್ಣಗೆ ಮಲಗಿದ್ದ ಸತ್ತವರೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಾಯದವರಾಗಿ ಎದ್ದು ಕೂತರು. ಬೀರಮ್ಮ ಆ ದಿನದಿಂದ ಗಂಡನೆನಿಸಿಕೊಂಡವನ ಜೊತೆ ಒಂದೇ ಚಾವಡಿಯಲ್ಲಿ ಮಲಗಲಿಲ್ಲ ಎನ್ನುತ್ತಾರೆ. ಇನ್ನು ಮುಂದೆ ಈ ಊರಲ್ಲಿ ಕಲ್ಲು ಒಡೆಯಕೂಡದೆಂದು ಹೊಸಬಯ್ಯ ಕೈಯೆತ್ತಿ ಹೇಳಿದ. ಅದರರ್ಥ ತುಳಸುವಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಇನ್ನು ಕಲ್ಲೇ ಇಲ್ಲವೆಂದರೆ ಅವಳಿಗೆ ಉತ್ತರವೂ ಇಲ್ಲ.

ಜನ ಚದುರಿದ ಮೇಲೆ ತುಳಸು ಅತ್ತೆಯನ್ನು ಎಬ್ಬಿಸಿ, ಹಣೆಯ ರಕ್ತ ಒರೆಸಿ, ‘ಮೂರು ಸಲ ಬಂದಿದ್ರು ಅಲ್ದಾ?’ ಎಂದಷ್ಟೇ ಕೇಳಿದಳು. ಮಂಕಾಳಿ ತಲೆಯಾಡಿಸಿದಳು. ‘ನಾನು ನಂಬ್ತೆ ಅತ್ತೆ. ಆದ್ರೆ ನಾನೊಬ್ಬಳು ನಂಬಿ ಎಂತ ಮಾಡೂದು?’ ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಇಬ್ಬರೂ ಅದೇ ಮನೆಯಲ್ಲಿ ಹದಿನೆಂಟು ವರ್ಷ ಬದುಕಿದರು. ತುಳಸು ಗಂಜಿ ಬೇಯಿಸಿದಳು, ಬಡಿಸಿದಳು, ಮುದುಕಿಗೆ ಬಿಸಿನೀರು ಕಾಯಿಸಿಕೊಟ್ಟಳು. ಒಂದು ಸಲ ಬಾಯಿ ತುಂಬ ಬೈದಿದ್ದರೆ ಮಂಕಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಮದುವೆಮನೆಯಲ್ಲಿ ಮುತ್ತೈದೆಯರು ಅವಳನ್ನು ಆರತಿಗೆ ಕರೆಯುತ್ತಿರಲಿಲ್ಲ. ಸಾವಿನ ಮನೆಯಲ್ಲಿ ವಿಧವೆಯರು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಎರಡೂ ಕಡೆ ಅವಳು ಅಂಗಳದಲ್ಲೇ ನಿಂತು ಬಂದಳು.

ಒಂದು ಆಷಾಢದಲ್ಲಿ ಜ್ವರ ಬಂದು ತುಳಸು ಸತ್ತಳು. ನಲವತ್ತೈದೂ ತುಂಬಿರಲಿಲ್ಲ. ಹೆಣ ತೊಳೆಯಲು ಬಂದ ಹೆಂಗಸರು ಬಿಂದಿಗೆ ಹಿಡಿದುಕೊಂಡೇ ಜಗಳಕ್ಕೆ ನಿಂತರು. ಅರಿಶಿನ ಹಚ್ಚಿ, ಹೂ ಮುಡಿಸಿ, ಹಸಿರು ಸೀರೆ ಹೊದಿಸಬೇಕು, ಗಂಡ ಸತ್ತನೆಂದು ಯಾರು ಹೇಳಿದರು ಎಂದು ಕೆಲವರು. ಇಪ್ಪತ್ತನಾಲ್ಕು ವರ್ಷವಾಯಿತು, ಯಾವ ಮುತ್ತೈದೆತನ, ಬಿಳಿ ಹೊದಿಸಿ ಎಂದು ಕೆಲವರು. ಹೊತ್ತು ಏರಿತು, ಹೆಣ ಹಾಗೆಯೇ ಬಿದ್ದಿತ್ತು. ಆಗ ಎಪ್ಪತ್ತು ದಾಟಿದ ಮಂಕಾಳಿ ಮೂಲೆಯಿಂದ ತೆವಳಿಕೊಂಡು ಬಂದು, ಸೊಸೆಯ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ‘ಯಾರ ಅಪ್ಪಣೆಯೂ ಬೇಡ. ನಾನು ಅವನ ತಾಯಿ. ಅವ ಸತ್ತಿದ್ದಾನೆ’ ಎಂದಳು. ತನ್ನ ಹೊಟ್ಟೆಯ ಮಗನ ಸಾವನ್ನು ಊರು ಒಪ್ಪಲಿ ಬಿಡಲಿ ಎಂದು, ಕಲ್ಲಿಲ್ಲದೆ ಏಡಿಯಿಲ್ಲದೆ, ಆ ತಣ್ಣನೆಯ ಕೈಯ ಬಳೆಗಳನ್ನು ಒಂದೊಂದಾಗಿ ಹೊಸ್ತಿಲಿಗೆ ಕುಟ್ಟಿ ಒಡೆದಳು. ‘ಹೋಗು ಮಗಳೇ. ಈಗ ನೀನು ಯಾರಿಗೂ ಕಾಯಬೇಕಿಲ್ಲ’ ಎಂದಳು. ಈ ಮಾತನ್ನು ಇಪ್ಪತ್ತನಾಲ್ಕು ವರ್ಷದ ಹಿಂದೆ ಹೇಳಬಹುದಿತ್ತು, ಅದಕ್ಕೆ ಕಡಲ ಗುರುತು ಬೇಕಿರಲಿಲ್ಲ, ತಾಯಿಯೊಬ್ಬಳು ಬಾಯಿಬಿಟ್ಟರೆ ಸಾಕಿತ್ತು ಎಂದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಅನಿಸಿತು. ಅವರು ಬಿಂದಿಗೆ ಬಗ್ಗಿಸಿ ಹೆಣ ತೊಳೆಯತೊಡಗಿದರು.

ಅಂದಿನಿಂದ ಮೊಗಳಿಕೋಡಿಯಲ್ಲಿ ಹೊಸ ಕಟ್ಟಳೆ ಬಂತು ಎನ್ನುತ್ತಾರೆ, ಅದು ಇಂದಿಗೂ ನಡೆದಿದೆ. ಕಡಲಿಗೆ ಹೋದವನು ಬಾರದೆ ಮೂರು ಮಳೆಗಾಲ ಕಳೆದರೆ, ಅವನ ತಾಯಿ ಸೊಸೆಯ ಕೈ ಹಿಡಿದು ಹುಳಿಬಾನಿಗೆ ಕರೆತರಬೇಕು, ತನ್ನ ಕೈಯಾರೆ ಬಳೆ ಒಡೆಯಬೇಕು, ‘ನನ್ನ ಮಗ ಸತ್ತ’ ಎಂದು ಗಟ್ಟಿಯಾಗಿ ಹೇಳಬೇಕು. ತಾಯಿ ಬಿಟ್ಟು ಬೇರೆ ಯಾರೂ ಅದನ್ನು ಹೇಳುವಂತಿಲ್ಲ. ಬಾನಿಯ ತಳದ ಮರಳನ್ನು ಕಾಲಿಂದ ಸರಿಸಿದರೆ ಹಸಿರು ಕೆಂಪು ಬಳೆಚೂರುಗಳು ಕಾಣುತ್ತವೆ. ನೋಡಲು ಬರುವವರು ಅವನ್ನು ಚೆಂದವೆಂದು ಆರಿಸಿಕೊಂಡು ಹೋಗುವುದುಂಟು. ಬೆಳಗಿನ ಹೊತ್ತು ಹೋದರೆ ಕೆಲವು ಸಲ ಇಬ್ಬರು ಹೆಂಗಸರು ಅಲ್ಲಿ ನಿಂತಿರುವುದೂ ಕಾಣಬಹುದು, ಒಬ್ಬಳು ಮುದುಕಿ, ಒಬ್ಬಳು ಎಳೆಯವಳು. ಹತ್ತಿರ ಹೋಗಬೇಡಿ. ಮುದುಕಿ ಎಳೆಯವಳ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇರುತ್ತಾಳೆ. ಕೆಲವರು ಒಡೆಯುತ್ತಾರೆ. ಕೆಲವರು ಕೈ ಬಿಟ್ಟು ಮನೆಯ ಕಡೆ ತಿರುಗುತ್ತಾರೆ, ಎಳೆಯವಳು ಬಳೆ ಸದ್ದು ಮಾಡದಂತೆ ಹಿಡಿದುಕೊಂಡು ಅವಳ ಹಿಂದೆಯೇ ನಡೆದುಹೋಗುತ್ತಾಳೆ.